ಎಂಜಿನ್ನು ಕಾದರೆ ನೀರು ಹುಯ್ದರಷ್ಟೇ ಸಾಲದು



ರಾಗಿ ಕೊಯ್ಲು ಮುಗಿದು, ಮೆದೆ ಬಿಚ್ಚಿ, ಕಣ ಹಸನು ಮಾಡಿ ಒಕ್ಕಣೆಗೆ ಇಳಿಯುವ ಕಾಲ ಇದು. ನಮ್ಮ ತಾತಂದಿರ ಕಾಲದಲ್ಲಿ ಕಣದಲ್ಲಿ ರೋಣಗಲ್ಲು ಉರುಳುತ್ತಿತ್ತು, ಎತ್ತುಗಳು ಸುತ್ತುತ್ತಿದ್ದವು. ಈಗ ಬಹುಪಾಲು ಊರುಗಳಲ್ಲಿ ಆ ಕೆಲಸ ಟ್ರಾಕ್ಟರಿನದಾಗಿದೆ. ಎತ್ತು ದಣಿದರೆ ನಮಗೆ ತಿಳಿಯುತ್ತಿತ್ತು. ಬಾಯಲ್ಲಿ ನೊರೆ ಬರುತ್ತಿತ್ತು, ಪಕ್ಕೆ ಏಳುತ್ತಿತ್ತು. ನೊಗ ಇಳಿಸಿ ನೆರಳಿಗೆ ಕಟ್ಟುತ್ತಿದ್ದೆವು. ಎಂಜಿನ್ನು ದಣಿದಾಗ ಅದೂ ಸುಮ್ಮನಿರುವುದಿಲ್ಲ. ತನ್ನ ಕಷ್ಟವನ್ನು ಹೇಳಿಯೇ ಹೇಳುತ್ತದೆ. ಆದರೆ ಅದರ ಮಾತು ನಮಗೆ ಅರ್ಥವಾಗಬೇಕಷ್ಟೆ. ಇಂದು ಆ ಮಾತನ್ನೇ ಸ್ವಲ್ಪ ಕಲಿತುಕೊಳ್ಳೋಣ.

ಮೊದಲು ನಮ್ಮ ಹೋಬಳಿಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಅಣ್ಣತಮ್ಮಂದಿರು ಇಬ್ಬರು ಸಾಲ ಮಾಡಿ ಒಂದು ಹಳೆಯ ಟ್ರಾಕ್ಟರು ಕೊಂಡಿದ್ದರು. ಗಾಡಿಯನ್ನು ಮನೆಯ ಮಗನಂತೆ ನೋಡಿಕೊಂಡರು. ಪ್ರತಿದಿನ ಬೆಳಿಗ್ಗೆ ರೇಡಿಯೇಟರಿನ ಮುಚ್ಚಳ ತೆಗೆದು ಒಂದು ಚೊಂಬು ನೀರು ಹುಯ್ಯುವುದು ಅವರ ವಾಡಿಕೆ. ಆಮೇಲಾಮೇಲೆ ಒಂದು ಚೊಂಬು ಎರಡಾಯಿತು. ಒಕ್ಕಣೆಯ ದಿನ ನಡುಮಧ್ಯಾಹ್ನ ಎಂಜಿನ್ನಿನಿಂದ ಬುಸ್ಸೆಂದು ಹಬೆ ಎದ್ದಿತು. ದೊಡ್ಡವರ ಹದಿನಾರು ವರ್ಷದ ಮಗ ಓಡಿ ಹೋಗಿ ಟವಲು ಸುತ್ತಿ ಮುಚ್ಚಳ ತಿರುಗಿಸಿದ. ಕುದಿಯುವ ನೀರು ಹಾರಿ ಮೊಣಕೈವರೆಗೂ, ಎದೆಯ ಮೇಲೂ ಬಿತ್ತು. ಹುಡುಗನನ್ನು ಆಸ್ಪತ್ರೆಗೆ ಸಾಗಿಸುವ ಗಾಬರಿಯಲ್ಲಿ, ಬೆಂಕಿ ಹತ್ತೀತೆಂದು ಹೆದರಿ ಮತ್ತೊಬ್ಬರು ಎರಡು ಕೊಡ ತಣ್ಣೀರನ್ನು ಎಂಜಿನ್ನಿನ ಮೇಲೆಯೇ ಸುರಿದರು. ಟಣ್ ಎಂದು ಸದ್ದಾಯಿತು. ಎಂಜಿನ್ನಿನ ಹೆಡ್ಡು ಬಿರುಕು ಬಿಟ್ಟಿತು. ಆ ವರ್ಷದ ರಾಗಿಯ ಹಣವೆಲ್ಲ ಒಂದು ಕಡೆ ಆಸ್ಪತ್ರೆಗೆ, ಇನ್ನೊಂದು ಕಡೆ ಗ್ಯಾರೇಜಿಗೆ ಹೋಯಿತು.

ಆಮೇಲೆ ಬಿಚ್ಚಿ ನೋಡಿದಾಗ ಮೂಲ ಕಾರಣ ಬಲು ಸಣ್ಣದು. ನೀರಿನ ಪಂಪಿನ ಸೀಲು ಸವೆದು ಹನಿಹನಿಯಾಗಿ ನೀರು ಸೋರುತ್ತಿತ್ತು. ಆ ಯಜಮಾನರು ನನ್ನೊಡನೆ ಹೇಳಿದ ಮಾತು ಇನ್ನೂ ನೆನಪಿದೆ: “ದಿನಾ ನೀರು ಹಾಕ್ತಾನೇ ಇದ್ದೆನಲ್ಲ ಸಾರ್, ನಾನೇನು ಉದಾಸೀನ ಮಾಡ್ಲಿಲ್ಲ.” ನಿಜ, ಅವರು ಉದಾಸೀನ ಮಾಡಲಿಲ್ಲ. ಆದರೆ ನೀರು ಹುಯ್ದರೇ ಹೊರತು, ಹುಯ್ದ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಲಿಲ್ಲ. ಇಂದಿನ ಮಾತಿನ ತಿರುಳು ಇಷ್ಟೇ.

ಎಂಜಿನ್ನಿಗೆ ನೀರು ಏತಕ್ಕೆ?

ಡೀಸೆಲ್ಲು ಉರಿಯುವ ಗಳಿಗೆಯಲ್ಲಿ ಸಿಲಿಂಡರಿನ ಒಳಗಿನ ಬಿಸಿ ಸುಮಾರು 2000 ಡಿಗ್ರಿ ಸೆಂಟಿಗ್ರೇಡಿನಷ್ಟು ಏರುತ್ತದೆ. ಪಿಸ್ಟನ್ನು ಮಾಡಿರುವ ಅಲ್ಯೂಮಿನಿಯಂ ಲೋಹವೋ 660 ಡಿಗ್ರಿಯ ಹೊತ್ತಿಗೇ ಕರಗತಕ್ಕದ್ದು. ಹಾಗಾದರೆ ಅದು ಏಕೆ ಕರಗುವುದಿಲ್ಲ? ಆ ಬಿಸಿ ಕ್ಷಣಮಾತ್ರದ್ದು. ಅಲ್ಲದೆ ಸಿಲಿಂಡರಿನ ಸುತ್ತಲೂ ನೀರು ಹರಿಯುತ್ತ ಬಿಸಿಯನ್ನು ಹೊತ್ತೊಯ್ಯುತ್ತಲೇ ಇರುತ್ತದೆ. ನಾವು ಹಾಕುವ ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಹೋಗುತ್ತದೆ. ಉಳಿದ ಪಾಲಿನ ಬಹುಭಾಗವನ್ನು ಹೊರಹಾಕುವ ಭಾರ ಈ ನೀರಿನದು.

ನೀರು ಈ ಭಾರ ಹೊರದಿದ್ದರೆ ಏನಾದೀತು? ಎಣ್ಣೆ ತೆಳ್ಳಗಾಗಿ ಜಾರುವ ಗುಣ ಕಳೆದುಕೊಳ್ಳುತ್ತದೆ. ಪಿಸ್ಟನ್ನು ಉಬ್ಬಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಇದಕ್ಕೇ ಮೇಸ್ತ್ರಿಗಳು ಎಂಜಿನ್ ಜಾಮ್ ಎನ್ನುವುದು. ಹೆಡ್ಡು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ಟು ಸುಡುತ್ತದೆ. ಇಷ್ಟಾಗುವುದಕ್ಕೆ ದಿನಗಟ್ಟಲೆ ಬೇಕಿಲ್ಲ, ಕೆಲವು ನಿಮಿಷ ಸಾಕು.

ನೀರು ಸುತ್ತುವ ದಾರಿ

ನೀರಿನ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ಹಿಡಿದುಕೊಂಡರೆ ದೋಷ ಹುಡುಕುವುದು ಸುಲಭ. ಎಂಜಿನ್ನಿನ ಮುಂದಿರುವ ಪಂಪು ನೀರನ್ನು ಸಿಲಿಂಡರಿನ ಸುತ್ತಲಿನ ಪೊಳ್ಳು ಜಾಗಕ್ಕೆ ನೂಕುತ್ತದೆ. ಅಲ್ಲಿ ಬಿಸಿ ಹೀರಿಕೊಂಡ ನೀರು ಮೇಲಿನ ರಬ್ಬರು ಪೈಪಿನಿಂದ ರೇಡಿಯೇಟರಿಗೆ ಬರುತ್ತದೆ. ರೇಡಿಯೇಟರಿನಲ್ಲಿ ಸಣ್ಣ ಸಣ್ಣ ನಳಿಕೆಗಳುಂಟು. ನಳಿಕೆಗಳ ನಡುವೆ ಕಾಗದದಷ್ಟು ತೆಳುವಾದ ತಗಡಿನ ಎಲೆಗಳುಂಟು. ಹಿಂದಿರುವ ಫ್ಯಾನು ಮುಂದಿನಿಂದ ಗಾಳಿಯನ್ನು ಎಳೆಯುತ್ತದೆ. ಆ ಗಾಳಿ ಎಲೆಗಳ ಸಂದಿನಲ್ಲಿ ಹಾಯ್ದು ನೀರನ್ನು ತಣಿಸುತ್ತದೆ. ತಣಿದ ನೀರು ಕೆಳಗಿನ ಪೈಪಿನಿಂದ ಮತ್ತೆ ಪಂಪಿಗೆ ಬರುತ್ತದೆ. ಬಹಳ ಟ್ರಾಕ್ಟರುಗಳಲ್ಲಿ ಪಂಪನ್ನೂ ಫ್ಯಾನನ್ನೂ ತಿರುಗಿಸುವುದು ಒಂದೇ ಬೆಲ್ಟು.

ಎಂಜಿನ್ನಿನಿಂದ ನೀರು ಹೊರಡುವ ಬಾಯಲ್ಲಿ ಥರ್ಮೋಸ್ಟ್ಯಾಟು ಎಂಬ ಪುಟ್ಟ ಬಾಗಿಲಿದೆ. ಅದರ ಒಳಗೆ ಮೇಣ ತುಂಬಿರುತ್ತದೆ. ಎಂಜಿನ್ನು ತಣ್ಣಗಿರುವಾಗ ಬಾಗಿಲು ಮುಚ್ಚಿರುತ್ತದೆ. ನೀರು ಸಾಮಾನ್ಯವಾಗಿ 80 ಡಿಗ್ರಿ ದಾಟಿದ ಮೇಲೆ ಮೇಣ ಕರಗಿ ಉಬ್ಬಿ ಬಾಗಿಲನ್ನು ತಳ್ಳುತ್ತದೆ. ನೀರಿನ ಬಿಸಿ 80ರಿಂದ 95 ಡಿಗ್ರಿಯ ಒಳಗೆ ಇದ್ದರೆ ಎಂಜಿನ್ನಿಗೆ ಆರೋಗ್ಯ. ಟ್ರಾಕ್ಟರೇ ಆಗಲಿ, ಜೀಪು, ಕಾರು, ತರಕಾರಿ ಸಾಗಿಸುವ ಸಣ್ಣ ಲಾರಿಯೇ ಆಗಲಿ, ಕ್ರಮ ಇದೇ. ಹೊಸ ಕಾರುಗಳಲ್ಲಿ ಫ್ಯಾನು ಬೆಲ್ಟಿನ ಬದಲು ಕರೆಂಟಿನಿಂದ ತಿರುಗುತ್ತದೆ. ಅದು ಎಂಜಿನ್ನು ನಿಂತ ಮೇಲೂ ತಾನಾಗಿ ತಿರುಗಿಬಿಡಬಹುದು, ಆದ್ದರಿಂದ ಕೈ ದೂರವಿರಲಿ.

ಮುಚ್ಚಳದ ಗುಟ್ಟು

ರೇಡಿಯೇಟರಿನ ಮುಚ್ಚಳ ಬರೀ ಮುಚ್ಚಳವಲ್ಲ. ನಿಮ್ಮ ಮನೆಯ ಪ್ರೆಷರ್ ಕುಕ್ಕರಿನ ಕೆಲಸವನ್ನೇ ಅದೂ ಮಾಡುತ್ತದೆ. ತುಮಕೂರು, ಕೋಲಾರ, ಬೆಂಗಳೂರು ಸೀಮೆ ಸಮುದ್ರಮಟ್ಟಕ್ಕಿಂತ 800ರಿಂದ 900 ಮೀಟರು ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಆದರೆ ಮುಚ್ಚಳ ಒತ್ತಡವನ್ನು ಹಿಡಿದಿಡುವುದರಿಂದ ಒಳಗಿನ ನೀರು 110 ಡಿಗ್ರಿ ಮುಟ್ಟಿದರೂ ಕುದಿಯದೆ ಇರಬಲ್ಲುದು.

ಇಂಥ ಹೊತ್ತಿನಲ್ಲಿ ಮುಚ್ಚಳ ತೆಗೆದರೆ ಏನಾಗುತ್ತದೆ, ಯೋಚಿಸಿ ನೋಡಿ. ಒತ್ತಡ ಒಮ್ಮೆಲೇ ಬಿಡುತ್ತದೆ, ನೀರಿನ ಒಂದು ಭಾಗ ತತ್‌ಕ್ಷಣ ಹಬೆಯಾಗುತ್ತದೆ. ಒಂದು ಲೋಟ ನೀರು ಹಬೆಯಾದರೆ ಸುಮಾರು 1600 ಲೋಟದಷ್ಟು ಜಾಗ ಬೇಡುತ್ತದೆ. ಅದು ಮಿಕ್ಕ ಕುದಿನೀರನ್ನು ತಳ್ಳಿಕೊಂಡು ಹೊರಗೆ ಹಾರುತ್ತದೆ. ಆ ಹುಡುಗನ ಕೈ ಸುಟ್ಟದ್ದು ಹೀಗೆ. ಸಿಳ್ಳೆ ಹಾಕುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾವ ತಾಯಿಯೂ ತೆಗೆಯುವುದಿಲ್ಲ. ಆ ಬುದ್ಧಿ ಕಣದಲ್ಲಿಯೂ ಇರಬೇಕು.

ಮುಚ್ಚಳದ ಒಳಗಿನ ರಬ್ಬರು ಹರಿದರೆ ಅಥವಾ ಸ್ಪ್ರಿಂಗು ಸಡಿಲವಾದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ, ಪಕ್ಕದ ಸಣ್ಣ ಪೈಪಿನಿಂದ ಹೊರಚೆಲ್ಲುತ್ತದೆ. ಕೆಲವರು ಮುಚ್ಚಳ ಕಳೆದುಹೋದಾಗ ಬಟ್ಟೆ ತುರುಕಿಯೋ, ಬೇರೆ ಗಾಡಿಯ ಮುಚ್ಚಳ ಒತ್ತಿಯೋ ಕಾಲ ತಳ್ಳುವುದನ್ನು ಕಂಡಿದ್ದೇನೆ. ಇದು ಕೂಡದು. ಮುಚ್ಚಳದ ಮೇಲೆ ಅದರ ಒತ್ತಡದ ಅಂಕಿ ಕೆತ್ತಿರುತ್ತದೆ. ಅದೇ ಅಂಕಿಯ ಮುಚ್ಚಳವನ್ನೇ ಹಾಕಿರಿ.

ಮುಳ್ಳು ಕೆಂಪಿಗೆ ಏರಿದಾಗ

ಕೆಲಸ ಮಾಡುತ್ತಿರುವಾಗ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಕಡೆ ಹೊರಟರೆ, ಇನ್ನೊಂದು ಸುತ್ತು ಮುಗಿಸಿಬಿಡೋಣ ಎನ್ನಬೇಡಿ. ಆ ಒಂದು ಸುತ್ತೇ ಎಂಜಿನ್ನಿಗೆ ಮುಳುವು. ಮೊದಲು ಭಾರ ತೆಗೆಯಿರಿ. ಅಂದರೆ ಒಕ್ಕಣೆ ಯಂತ್ರದ ಪಿ.ಟಿ.ಓ. ಬಿಡಿಸಿ, ನೇಗಿಲೋ ರೋಟವೇಟರೋ ಇದ್ದರೆ ಮೇಲೆತ್ತಿ. ಬೆಲ್ಟು ಸರಿಯಾಗಿದ್ದು, ಹಬೆ ಏಳದೆ, ನೀರು ಸೋರದೆ ಇದ್ದರೆ ಎಂಜಿನ್ನನ್ನು ಕಡಿಮೆ ವೇಗದಲ್ಲಿ ನಾಲ್ಕೈದು ನಿಮಿಷ ಓಡಲು ಬಿಡಿ. ಪಂಪೂ ಫ್ಯಾನೂ ತಿರುಗುತ್ತ ಬಿಸಿಯನ್ನು ನಿಧಾನವಾಗಿ ಇಳಿಸುತ್ತವೆ. ಆದರೆ ಬೆಲ್ಟು ಹರಿದಿದ್ದರೆ, ನೀರು ಖಾಲಿಯಾಗಿದ್ದರೆ, ಹಬೆ ಎದ್ದಿದ್ದರೆ ಆಗಿಂದಾಗಲೇ ಎಂಜಿನ್ನು ನಿಲ್ಲಿಸಬೇಕು.

ನಿಲ್ಲಿಸಿದ ಮೇಲೆ ಕಡೇಪಕ್ಷ ಮುಕ್ಕಾಲು ಗಂಟೆ ಕಾಯಿರಿ. ಈ ಮುಕ್ಕಾಲು ಗಂಟೆಯೇ ದೊಡ್ಡ ಔಷಧಿ. ಮೇಲಿನ ಪೈಪನ್ನು ಹಗುರವಾಗಿ ಮುಟ್ಟಿ ನೋಡಿ. ಕೈ ಇಡುವಷ್ಟು ತಣ್ಣಗಾಗಿ, ಹಿಸುಕಿದರೆ ಮೆತ್ತಗೆ ತಗ್ಗಿದರೆ ಒತ್ತಡ ಇಳಿದಿದೆ ಎಂದು ಅರ್ಥ. ಆಗಲೂ ದಪ್ಪನೆಯ ಗೋಣಿಚೀಲ ಮಡಿಸಿ ಮುಚ್ಚಳದ ಮೇಲಿಟ್ಟು, ಮುಖ ಪಕ್ಕಕ್ಕೆ ತಿರುಗಿಸಿ, ಮುಚ್ಚಳವನ್ನು ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ. ಬುಸ್ ಎನ್ನುವ ಸದ್ದು ಪೂರಾ ನಿಂತ ಮೇಲೆ ತೆಗೆಯಿರಿ. ನೀರನ್ನು ಒಮ್ಮೆಗೇ ಸುರಿಯದೆ, ಎಂಜಿನ್ನನ್ನು ನಿಧಾನವಾಗಿ ಓಡಿಸುತ್ತ ಸ್ವಲ್ಪ ಸ್ವಲ್ಪವಾಗಿ ಹುಯ್ಯಿರಿ. ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಬರುತ್ತದೆ; ನೀರು ಇಳಿದಂತೆಲ್ಲ ಮತ್ತೆ ತುಂಬಿ.

ಕಾದ ಎಂಜಿನ್ನಿನ ಮೇಲಾಗಲಿ ಒಳಗಾಗಲಿ ತಣ್ಣೀರು ಎರಚಬೇಡಿ. ಒಲೆಯ ಮೇಲೆ ಕಾದು ಕೆಂಪಾದ ಮಣ್ಣಿನ ಮಡಕೆಗೆ ನೀರು ಚಿಮುಕಿಸಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಎರಕದ ಕಬ್ಬಿಣವೂ ಹಾಗೆಯೇ ಬಿರುಕು ಬಿಡುತ್ತದೆ.

ಅಕಸ್ಮಾತ್ ಯಾರಿಗಾದರೂ ಕುದಿನೀರು ಬಿದ್ದರೆ, ಸುಟ್ಟ ಜಾಗದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿ. ಬಳೆ, ಉಂಗುರ, ಗಡಿಯಾರ ಇದ್ದರೆ ಊದಿಕೊಳ್ಳುವ ಮೊದಲೇ ತೆಗೆಯಿರಿ. ಅರಿಶಿನ, ಹಲ್ಲುಜ್ಜುವ ಪೇಸ್ಟು, ಎಣ್ಣೆ, ಮಂಜುಗಡ್ಡೆ ಯಾವುದನ್ನೂ ಹಚ್ಚಬೇಡಿ. ಒಗೆದ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ.

ಯಾವಾಗ ಕಾಯುತ್ತದೆ ಎಂದು ನೋಡಿ

ವೈದ್ಯರು ಜ್ವರ ಯಾವ ಹೊತ್ತಿಗೆ ಬರುತ್ತದೆ ಎಂದು ಕೇಳುತ್ತಾರಲ್ಲವೇ? ಎಂಜಿನ್ನಿನ ವಿಷಯವೂ ಹಾಗೆಯೇ.

ರಸ್ತೆಯಲ್ಲಿ ಓಡುವಾಗ ಸರಿಯಾಗಿದ್ದು, ಒಂದೇ ಕಡೆ ನಿಂತು ಒಕ್ಕುವಾಗ ಮಾತ್ರ ಕಾದರೆ, ದೋಷ ಗಾಳಿಯದು. ಫ್ಯಾನು, ಬೆಲ್ಟು, ರೇಡಿಯೇಟರಿನ ಮುಖ ಇವನ್ನು ನೋಡಿ.

ಬರಿಗಾಡಿಯಲ್ಲಿ ಸರಿಯಾಗಿದ್ದು, ತುಂಬಿದ ಟ್ರೈಲರು ಎಳೆಯುವಾಗಲೋ, ದಿಣ್ಣೆ ಹತ್ತುವಾಗಲೋ, ಆಳವಾಗಿ ಉಳುವಾಗಲೋ ಕಾದರೆ, ರೇಡಿಯೇಟರಿನ ಒಳನಳಿಕೆಗಳು ಕಟ್ಟಿಕೊಂಡಿರಬಹುದು. ಇಲ್ಲವೇ ಹೊರೆಯೇ ಅತಿಯಾಗಿರಬಹುದು, ಹಾಕಿದ ಗೇರು ತಪ್ಪಿರಬಹುದು, ಬ್ರೇಕು ಹಿಡಿದುಕೊಂಡೇ ಇರಬಹುದು.

ಬೆಳಿಗ್ಗೆ ಸ್ಟಾರ್ಟು ಮಾಡಿದ ಸ್ವಲ್ಪ ಹೊತ್ತಿಗೇ ಕಾದರೆ, ನೀರು ಇಲ್ಲವೆಂದೋ, ಥರ್ಮೋಸ್ಟ್ಯಾಟು ಮುಚ್ಚಿದಂತೆಯೇ ಸಿಕ್ಕಿಕೊಂಡಿದೆಯೆಂದೋ, ಹೆಡ್ ಗ್ಯಾಸ್ಕೆಟ್ಟು ಸುಟ್ಟಿದೆಯೆಂದೋ ತಿಳಿಯಬೇಕು.

ಇನ್ನೊಂದು ಮಾತು. ಮುಳ್ಳು ಕೆಳಗಿದೆ, ಆದರೆ ಎಂಜಿನ್ನು ಬೆಂಕಿಯಂತೆ ಕಾದು ಸುಟ್ಟ ವಾಸನೆ ಬರುತ್ತಿದೆ ಎಂದರೆ ಮುಳ್ಳನ್ನು ನಂಬಬೇಡಿ. ಬಿಸಿ ಅಳೆಯುವ ತುಂಡು ನೀರಿನಲ್ಲಿ ಮುಳುಗಿರಬೇಕು. ನೀರು ತೀರ ಇಳಿದುಹೋದರೆ ಅದು ಬರಿಗಾಳಿಯಲ್ಲಿ ಉಳಿದು ಸುಳ್ಳು ಲೆಕ್ಕ ತೋರಿಸಬಹುದು.

ಹೊರಗಿನಿಂದ ಒಳಕ್ಕೆ ಹುಡುಕಿ

ಕಾದದ್ದೇ ತಡ ಎಂಜಿನ್ನು ಬಿಚ್ಚಿಸಬೇಕೆಂದಿಲ್ಲ. ಖರ್ಚಿಲ್ಲದ ಕಾರಣಗಳನ್ನು ಮೊದಲು ನೋಡಿ, ಖರ್ಚಿನದನ್ನು ಕೊನೆಗೆ ನೋಡಿ. ಇವೆಲ್ಲ ಎಂಜಿನ್ನು ನಿಲ್ಲಿಸಿ, ತಣಿದ ಮೇಲೆ ಮಾಡತಕ್ಕ ಕೆಲಸ.

ಮೊದಲನೆಯದು ರೇಡಿಯೇಟರಿನ ಮುಖ. ಒಕ್ಕಣೆಯಲ್ಲಿ ರಾಗಿಯ ಹೊಟ್ಟೂ ಧೂಳೂ ಹಾರಿ ಮುಂದಿನ ಜಾಲರಿಗೆ ಕಂಬಳಿ ಹೊದಿಸಿದಂತೆ ಕೂರುತ್ತವೆ. ಗಾಳಿ ನುಗ್ಗದಿದ್ದರೆ ಒಳಗೆ ಎಷ್ಟು ನೀರಿದ್ದೂ ಪ್ರಯೋಜನವಿಲ್ಲ. ಟ್ರಾಕ್ಟರನ್ನು ಹೊಟ್ಟು ಬೀಳುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಬೇಡಿ. ಎರಡು ಮೂರು ಗಂಟೆಗೊಮ್ಮೆ ಎಂಜಿನ್ನು ನಿಲ್ಲಿಸಿ ಜಾಲರಿಯನ್ನು ಮೆತ್ತನೆಯ ಬ್ರಷ್ಷಿನಿಂದ ಒರೆಸಿ. ರೇಡಿಯೇಟರಿನ ಎಲೆಗಳನ್ನು ತೊಳೆಯುವಾಗ ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ಅಂದರೆ ಕಸ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವಂತೆ ನೀರನ್ನೋ ಗಾಳಿಯನ್ನೋ ಬಿಡಿ. ಜೋರಾದ ಒತ್ತಡ ಬೇಡ, ಎಲೆಗಳು ಮಡಿಸಿಕೊಳ್ಳುತ್ತವೆ. ಮಡಿಸಿದ ಎಲೆಗಳನ್ನು ತೆಳು ಕಡ್ಡಿಯಿಂದ ಮೆಲ್ಲನೆ ನೇರ ಮಾಡಿ.

ಎರಡನೆಯದು ಬೆಲ್ಟು. ಎರಡು ಗಾಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ. ಸಾಮಾನ್ಯವಾಗಿ 10ರಿಂದ 15 ಮಿಲಿಮೀಟರು ತಗ್ಗಿದರೆ ಸರಿ; ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಪ್ರಮಾಣ. ಹೆಚ್ಚು ತಗ್ಗಿದರೆ ಬೆಲ್ಟು ಜಾರುತ್ತದೆ. ತೀರ ಬಿಗಿಯಾಗಿದ್ದರೆ ಪಂಪಿನ ಬೇರಿಂಗು ಹೋಗುತ್ತದೆ. ಬಿರುಕು, ಎಣ್ಣೆಯ ಜಿಡ್ಡು, ಗಾಜಿನಂಥ ಹೊಳಪು ಕಂಡರೆ ಬೆಲ್ಟು ಬದಲಿಸಿ. ಒಂದು ಹೊಸ ಬೆಲ್ಟು ಯಾವಾಗಲೂ ಟೂಲ್ ಬಾಕ್ಸಿನಲ್ಲಿರಲಿ.

ಮೂರನೆಯದು ಸೋರಿಕೆ. ರಾತ್ರಿ ಗಾಡಿ ನಿಲ್ಲಿಸಿದ ಜಾಗದಲ್ಲಿ ಹಳೆಯ ರಟ್ಟನ್ನೋ ಬಿಳಿ ಚೀಲವನ್ನೋ ಹಾಸಿ, ಬೆಳಿಗ್ಗೆ ಒದ್ದೆಯಾದ ಜಾಗ ನೋಡಿ. ಪೈಪುಗಳನ್ನು ಹಿಸುಕಿ ನೋಡಿ. ಮೆತ್ತಗೆ ಕೊಳೆತಂತಿದ್ದರೆ, ಗಡುಸಾಗಿ ಸೀಳಿದ್ದರೆ ಬದಲಿಸಿ. ಕ್ಲಿಪ್ಪು ಸಡಿಲವಾಗಿದ್ದರೆ ಬಿಗಿ ಮಾಡಿ. ಪಂಪಿನ ಕೆಳಭಾಗದಲ್ಲಿ ಬೇಕೆಂದೇ ಬಿಟ್ಟಿರುವ ಒಂದು ಸಣ್ಣ ರಂಧ್ರವಿದೆ. ಒಳಗಿನ ಸೀಲು ಸವೆದಾಗ ನೀರು ಅಲ್ಲಿಂದ ಹನಿಯುತ್ತದೆ. ಆ ರಂಧ್ರ ನಮಗೆ ಸುದ್ದಿ ಹೇಳಲು ಇರತಕ್ಕದ್ದು. ಸೋರುತ್ತದೆಂದು ಅದಕ್ಕೆ ಎಂಸೀಲು ಮೆತ್ತಿ ಮುಚ್ಚಿದರೆ ಹೇಳುವ ಬಾಯನ್ನೇ ಮುಚ್ಚಿದಂತೆ. ನೀರು ಬೇರಿಂಗಿಗೆ ನುಗ್ಗಿ ಪಂಪೇ ಮುರಿಯುತ್ತದೆ. ಫ್ಯಾನಿನ ರೆಕ್ಕೆ ಹಿಡಿದು ಹಿಂದೆ ಮುಂದೆ ಅಲುಗಿಸಿ. ಲೊಡಲೊಡ ಅಂದರೆ ಬೇರಿಂಗು ಸವೆದಿದೆ.

ರೇಡಿಯೇಟರು ಸೋರಿದರೆ ಅರಿಶಿನದ ಪುಡಿ ಹಾಕುವ ಪದ್ಧತಿ ನಮ್ಮ ಡ್ರೈವರುಗಳಲ್ಲಿ ಉಂಟು. ನಡುದಾರಿಯಲ್ಲಿ ಮನೆ ಸೇರುವುದಕ್ಕೆ ಅದು ಒದಗಬಹುದು. ಅದನ್ನೇ ರಿಪೇರಿ ಎಂದುಕೊಂಡರೆ ಆ ಪುಡಿಯೇ ನಳಿಕೆಗಳಲ್ಲಿ ಕಟ್ಟಿ ಇನ್ನೊಂದು ರೋಗ ತರುತ್ತದೆ. ಮನೆ ಸೇರಿದ ಮೇಲೆ ತೊಳೆಸಿ, ಬೆಸುಗೆ ಹಾಕಿಸಿ.

ನಾಲ್ಕನೆಯದು ಹೆಡ್ ಗ್ಯಾಸ್ಕೆಟ್ಟು. ಹೊರಗೆ ಎಲ್ಲೂ ಸೋರಿಕೆಯಿಲ್ಲ, ಆದರೂ ನೀರು ಕಡಿಮೆಯಾಗುತ್ತಿದೆ ಎಂದರೆ ಅದು ಎಂಜಿನ್ನಿನ ಒಳಗೇ ಹೋಗುತ್ತಿರಬೇಕು. ಎಣ್ಣೆಯ ಕಡ್ಡಿ ಎಳೆದು ನೋಡಿ. ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬಿಸಿಯಾದ ಮೇಲೂ ಹೊಗೆಕೊಳವೆಯಿಂದ ಬಿಳಿ ಹೊಗೆ ಎಡೆಬಿಡದೆ ಬಂದರೆ ಅನುಮಾನಪಡಿ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟು ಮಾಡಿ. ಗಾಳಿ ಹೊರಹೋದ ಮೇಲೂ ನೀರಿನಲ್ಲಿ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದರೆ ಉರಿಯುವ ಗಾಳಿ ನೀರಿಗೆ ನುಗ್ಗುತ್ತಿದೆ. ಇವುಗಳಲ್ಲಿ ಒಂದು ಕಂಡರೂ ಗಾಡಿ ಓಡಿಸಬೇಡಿ. ಇದು ನಮ್ಮ ಕೈಯ ಕೆಲಸವಲ್ಲ, ಬಲ್ಲ ಮೇಸ್ತ್ರಿಯದು.

ಥರ್ಮೋಸ್ಟ್ಯಾಟನ್ನು ಕಿತ್ತುಹಾಕಬಹುದೇ?

“ನಮ್ಮದು ಬಿಸಿಲುಸೀಮೆ, ಥರ್ಮೋಸ್ಟ್ಯಾಟು ಯಾಕೆ ಸಾರ್? ಕಿತ್ತುಹಾಕಿದ್ರೆ ಗಾಡಿ ತಣ್ಣಗಿರುತ್ತೆ ಅಂತಾರೆ” ಎಂದು ರೈತ ಸಂಪರ್ಕ ಕೇಂದ್ರಕ್ಕೆ ಬಂದವರು ಅನೇಕ ಸಲ ಕೇಳಿದ್ದಾರೆ. ಎಂಜಿನ್ನಿಗೆ ಅತಿ ಬಿಸಿ ಹೇಗೆ ಕೆಟ್ಟದ್ದೋ ಅತಿ ತಂಪೂ ಹಾಗೆಯೇ ಕೆಟ್ಟದ್ದು. ತಣ್ಣಗಿರುವ ಎಂಜಿನ್ನಿನಲ್ಲಿ ಡೀಸೆಲ್ಲು ಪೂರಾ ಉರಿಯುವುದಿಲ್ಲ. ಎಣ್ಣೆ ಕೆಡುತ್ತದೆ, ಸಿಲಿಂಡರು ಬೇಗ ಸವೆಯುತ್ತದೆ, ಡೀಸೆಲ್ಲು ಹೆಚ್ಚು ಕುಡಿಯುತ್ತದೆ. ಅಲ್ಲದೆ ಕೆಲವು ಎಂಜಿನ್ನುಗಳಲ್ಲಿ ಅದನ್ನು ಕಿತ್ತರೆ ಪಕ್ಕದ ಒಳದಾರಿ ತೆರೆದೇ ಉಳಿದು, ಬಿಸಿನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ತಂಪಿಗೆಂದು ಕಿತ್ತದ್ದು ಬಿಸಿಯನ್ನೇ ತಂದೀತು.

ಅದು ಕೆಟ್ಟಿದೆಯೇ ಇಲ್ಲವೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಮೇಸ್ತ್ರಿ ಬಿಚ್ಚಿ ಕೊಟ್ಟ ಥರ್ಮೋಸ್ಟ್ಯಾಟನ್ನು ದಾರಕ್ಕೆ ಕಟ್ಟಿ, ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು ಒಲೆಯ ಮೇಲೆ ಕಾಯಿಸಿ. ನೀರು ಕುದಿಗೆ ಬರುವ ಹೊತ್ತಿಗೆ ಬಾಗಿಲು ತೆರೆಯಬೇಕು, ತಣಿದಾಗ ಮುಚ್ಚಬೇಕು. ತೆರೆಯದಿದ್ದರೆ, ಇಲ್ಲವೇ ಮುಚ್ಚದಿದ್ದರೆ, ಹೊಸದನ್ನು ಹಾಕಿಸಿ. ಅಡಿಗೆಯ ಪಾತ್ರೆ ಮಾತ್ರ ಬೇಡ, ಹಳೆಯ ಡಬ್ಬಿ ಬಳಸಿ.

ಯಾವ ನೀರು ಹಾಕಬೇಕು?

ನಿಮ್ಮ ಬಚ್ಚಲುಮನೆಯ ಹಂಡೆಯ ಒಳಗೆ ಕೈ ಆಡಿಸಿ ನೋಡಿ. ಬೋರ್‌ವೆಲ್ಲಿನ ಗಡಸು ನೀರು ಕಾಯಿಸುವ ಮನೆಯಲ್ಲಿ ಸುಣ್ಣದಂಥ ಬಿಳಿ ಪೊರೆ ಕಟ್ಟಿರುತ್ತದೆ. ರೇಡಿಯೇಟರಿಗೆ ಅದೇ ನೀರು ಹುಯ್ದರೆ ಅದೇ ಪೊರೆ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಕಬ್ಬಿಣದ ಮೂಲಕ ಬಿಸಿ ಸಲೀಸಾಗಿ ಹಾಯುತ್ತದೆ. ಈ ಪೊರೆಯ ಮೂಲಕ ಹಾಯುವುದು ಬಲು ಕಷ್ಟ. ಒಂದು ಮಿಲಿಮೀಟರು ಪೊರೆ, ಒಂದು ಅಂಗುಲ ದಪ್ಪದ ಕಬ್ಬಿಣಕ್ಕಿಂತ ಕಡಿಮೆಯಿಲ್ಲದಷ್ಟು ಬಿಸಿಯನ್ನು ತಡೆಯುತ್ತದೆ. ದಿನಾ ಹೊಸ ಗಡಸು ನೀರು ತುಂಬುವವರು ದಿನಾ ಹೊಸ ಸುಣ್ಣವನ್ನೂ ತುಂಬುತ್ತಿದ್ದಾರೆ. ನಮ್ಮ ಕಥೆಯ ಟ್ರಾಕ್ಟರಿನಲ್ಲಿಯೂ ಹಾಗೆಯೇ ಆಗಿತ್ತು. ಸೋರಿಕೆ ಒಂದು ರೋಗ. ಅದಕ್ಕೆಂದು ಹುಯ್ದ ನೀರು ಎರಡನೆಯ ರೋಗ.

ಆದಕಾರಣ ಕೂಲೆಂಟು ಹಾಕುವುದು ಮೇಲು. ಇದು ಹಿಮ ಬೀಳುವ ದೇಶಕ್ಕೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಅದು ಕುದಿಯುವ ಮಟ್ಟವನ್ನು ಏರಿಸುತ್ತದೆ. ಒಳಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಡಬ್ಬಿಯ ಮೇಲೆ ಬೆರೆಸಬೇಕೆಂದು ಬರೆದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲೇ ಬೆರೆಸಿ, ಸಾಮಾನ್ಯವಾಗಿ ಅರ್ಧಕ್ಕರ್ಧ. ಬೆರೆಸಿಯೇ ಬಂದಿದ್ದರೆ ಹಾಗೆಯೇ ಹುಯ್ಯಿರಿ. ಬಣ್ಣ ಒಂದೇ ಎಂದು ಬೇರೆ ಬೇರೆ ಜಾತಿಯದನ್ನು ಕೂಡಿಸಬೇಡಿ. ತುರ್ತಿಗೆ ಏನೂ ಸಿಗದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರೋ, ಶುಚಿಯಾಗಿ ಹಿಡಿದ ಮಳೆನೀರೋ ಬೋರಿನ ನೀರಿಗಿಂತ ವಾಸಿ.

ತಾಯಂದಿರು ಇದನ್ನು ಗಮನವಿಟ್ಟು ಕೇಳಬೇಕು. ಕೂಲೆಂಟು ವಿಷ. ನೋಡಲು ಶರಬತ್ತಿನಂತೆ ಹಸಿರೋ ಕೆಂಪೋ ಇರುತ್ತದೆ, ರುಚಿ ಸಿಹಿ. ಮಕ್ಕಳು, ನಾಯಿ, ಕರು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಪ್ರಾಣವೇ ಹೋಗಬಹುದು. ಬಿಚ್ಚಿದ ಹಳೆಯ ಕೂಲೆಂಟನ್ನು ಅಂಗಳದಲ್ಲಿ, ಕಾಲುವೆಯಲ್ಲಿ, ದನದ ತೊಟ್ಟಿಯ ಬಳಿ ಚೆಲ್ಲಬೇಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ. ಯಾರಾದರೂ ಕುಡಿದರೆ ಒಂದು ಗಳಿಗೆಯೂ ತಡಮಾಡದೆ, ಆ ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಿ.

ಕಟ್ಟಿದ ಪೊರೆಯನ್ನು ಬಿಡಿಸಲು ಆಸಿಡ್ಡು, ಬಟ್ಟೆಸೋಡ ಸುರಿಯಬೇಡಿ. ಅಲ್ಯೂಮಿನಿಯಂ ಭಾಗಗಳನ್ನು ಅವು ತಿಂದುಹಾಕುತ್ತವೆ. ರೇಡಿಯೇಟರು ತೊಳೆಯುವುದಕ್ಕೆಂದೇ ಮಾರುವ ದ್ರಾವಣವುಂಟು. ಬಲ್ಲವರ ಕೈಯಲ್ಲಿ ಅದನ್ನು ಹಾಕಿಸಿ ತೊಳೆಸಿರಿ.

ಗೋಡೆಯ ಮೇಲೊಂದು ಗೀಟು

ಕೊನೆಯದಾಗಿ, ದುಡ್ಡು ಖರ್ಚಿಲ್ಲದ ಒಂದು ಉಪಾಯ. ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೀಟು ಎಳೆಯುತ್ತಿದ್ದ ಮನೆಗಳು ನಿಮಗೆ ನೆನಪಿರಬಹುದು. ಟ್ರಾಕ್ಟರು ನಿಲ್ಲಿಸುವ ಕಡೆಯೂ ಹಾಗೆಯೇ ಮಾಡಿ. ನೀರು ತುಂಬಿದಾಗಲೆಲ್ಲ ಸೀಮೆಸುಣ್ಣದಲ್ಲಿ ಒಂದು ಗೀಟು, ಪಕ್ಕದಲ್ಲಿ ತಾರೀಖು. ಸರಿಯಾಗಿರುವ ಎಂಜಿನ್ನು ನೀರು ಕುಡಿಯುವುದಿಲ್ಲ. ಒಳಗೆ ಹಾಕಿದ ನೀರೇ ಸುತ್ತುತ್ತಿರುತ್ತದೆ. ವಾರಕ್ಕೆ ಎರಡು ಗೀಟು ಬಿದ್ದವೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಗೀಟು ಮೂರಾಗುವ ಮೊದಲು ಕಾರಣ ಹುಡುಕಿ.

ಇಷ್ಟನ್ನು ನೆನಪಿಡಿ. ದಿನವೂ ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗ ನೀರಿನ ಮಟ್ಟ, ಎಣ್ಣೆಯ ಬಣ್ಣ, ಜಾಲರಿಯ ಕಸ ನೋಡುವುದು. ವಾರಕ್ಕೊಮ್ಮೆ ಬೆಲ್ಟು, ಪೈಪು, ಕ್ಲಿಪ್ಪು, ಪಂಪಿನ ರಂಧ್ರ ನೋಡುವುದು. ಒಕ್ಕಣೆಗೂ ಮುಂಗಾರಿನ ಉಳುಮೆಗೂ ಮುನ್ನ ರೇಡಿಯೇಟರನ್ನು ಹೊರಗಿನಿಂದ ಚೆನ್ನಾಗಿ ತೊಳೆಯುವುದು. ಗಾಡಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ ಕೂಲೆಂಟು ಬದಲಿಸುವುದು. ಬಾಡಿಗೆಗೆ ತಂದ ಟ್ರಾಕ್ಟರಾದರೂ ಕೆಲಸ ಶುರುಮಾಡುವ ಮುನ್ನ ಡ್ರೈವರಿಗೆ, “ನೀರು ನೋಡಿದೆಯೇನಪ್ಪ?” ಎಂದು ಒಂದು ಮಾತು ಕೇಳಿ. ಕಣದಲ್ಲಿ ಗಾಡಿ ನಿಂತರೆ ಕೆಡುವುದು ನಿಮ್ಮ ಕೆಲಸವೇ ಅಲ್ಲವೇ? ಮನೆಯ ಹುಡುಗರಿಗಂತೂ ಒಂದು ಮಾತು ಖಂಡಿತವಾಗಿ ಹೇಳಿಬಿಡಿ: ಬಿಸಿ ಗಾಡಿಯ ಮುಚ್ಚಳ ಮುಟ್ಟಕೂಡದು.

ಆ ಅಣ್ಣತಮ್ಮಂದಿರ ಟ್ರಾಕ್ಟರು ಈಗ ಓಡುತ್ತಿದೆ. ಹುಡುಗನ ಕೈ ವಾಸಿಯಾಗಿದೆ, ಕಲೆ ಮಾತ್ರ ಉಳಿದಿದೆ. ಅವರ ಕೊಟ್ಟಿಗೆಯ ಗೋಡೆಯ ಮೇಲೆ ಗೀಟು ಎಳೆಯುವವನು ಈಗ ಅವನೇ. ಮೊನ್ನೆ ಅವರ ಮನೆಗೆ ಹೋದಾಗ ನೋಡಿದೆ; ಇಡೀ ತಿಂಗಳಿಗೆ ಒಂದು ಗೀಟೂ ಇರಲಿಲ್ಲ.

ನಿಮ್ಮ ಕಣ ತುಂಬಲಿ, ಕೆಲಸ ನಿಲ್ಲದಿರಲಿ.